20 ಎಂದು ಬರೆದ ಉಸಿರು

ಯಾವ ವಾರ್ಡಿಗೆ ಹೋದರೂ ನಾನು ಮೊದಲು ನೋಡುವುದು ಚಾರ್ಟಿನ ಮೂರನೆಯ ಅಂಕಣವನ್ನು. ತಾಪ, ನಾಡಿ, ಉಸಿರು ಎಂಬ ಮೂರರಲ್ಲಿ ತಾಪವನ್ನು ಥರ್ಮಾಮೀಟರ್ ಹೇಳುತ್ತದೆ, ನಾಡಿಯನ್ನು ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಹೇಳುತ್ತದೆ; ಉಸಿರನ್ನು ಮಾತ್ರ ಒಬ್ಬರು ಹಾಸಿಗೆಯ ಪಕ್ಕ ನಿಂತು, ಒಂದು ಕಣ್ಣು ಗಡಿಯಾರದ ಮೇಲೂ ಇನ್ನೊಂದು ಕಣ್ಣು ಎದೆಯ ಏರಿಳಿತದ ಮೇಲೂ ಇಟ್ಟು, ಪೂರ್ತಿ ಒಂದು ನಿಮಿಷ ಎಣಿಸಬೇಕಾಗುತ್ತದೆ. ಆ ಅಂಕಣದಲ್ಲಿ ಬೆಳಿಗ್ಗೆ 20, ಮಧ್ಯಾಹ್ನ 20, ರಾತ್ರಿ 20 ಎಂದಿದ್ದರೆ, ಆ ದಿನ ಆ ರೋಗಿಯ ಉಸಿರನ್ನು ಯಾರೂ ಎಣಿಸಿಲ್ಲ ಎಂದೇ ನಾನು ತಿಳಿಯುತ್ತೇನೆ. ಪಕ್ಕದ ಹಾಸಿಗೆಯದೂ 20, ಅದರಾಚೆಯದೂ 20 ಆಗಿದ್ದರೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ.

ಈ 20ರ ಒಳಗುಟ್ಟು ನನಗೆ ತಿಳಿದದ್ದು ಬೇರೆಯವರ ತಪ್ಪಿನಿಂದಲ್ಲ. ನರ್ಸಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿಯಾಗಿದ್ದಾಗ ನಮ್ಮ ಭಾಗದ ಒಂದು ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡಿನಲ್ಲಿ ನನಗೆ ರಾತ್ರಿ ಡ್ಯೂಟಿ ಇತ್ತು. ಸಕ್ಕರೆ ಕಾಯಿಲೆಯಿದ್ದ, ಮೂತ್ರದ ಸೋಂಕಿನಿಂದ ಜ್ವರ ಬಂದು ದಾಖಲಾಗಿದ್ದ, ಐವತ್ತರ ಆಸುಪಾಸಿನ ಒಬ್ಬ ತಾಯಿ ಮೂಲೆಯ ಹಾಸಿಗೆಯಲ್ಲಿದ್ದರು. ರಾತ್ರಿ ಎರಡು ಗಂಟೆಗೆ ಅವರ ಮಗಳು ನಮ್ಮ ಟೇಬಲ್ಲಿನ ಬಳಿ ಬಂದು, "ಸಿಸ್ಟರ್, ಅವ್ವ ಯಾಕೋ ಭಾಳ ತೇಕ್ಲಿಕತ್ಯಾಳ್ರಿ" ಎಂದಳು. ಹೋಗಿ ಎಣಿಸಿದೆ, 34 ಬಂತು. ಮತ್ತೊಮ್ಮೆ ಎಣಿಸಿದೆ, 32 ಬಂತು. ಚಾರ್ಟಿನಲ್ಲಿ ಹಿಂದಿನ ಮೂರು ಹೊತ್ತೂ 20 ಎಂದಿತ್ತು, ಬರೆದವರೆಲ್ಲ ನನಗಿಂತ ಹಿರಿಯರು. ಜ್ವರವೂ ಇಳಿದಿತ್ತು. ನನ್ನ ಎಣಿಕೆಯೇ ತಪ್ಪಿರಬೇಕು ಎಂದುಕೊಂಡೆ. ಡ್ಯೂಟಿ ಡಾಕ್ಟರನ್ನು ಎಬ್ಬಿಸುವುದಕ್ಕೆ ಅಂಜಿಕೆ ಬಂತು. ಹಿಂದಿನ ವಾರವಷ್ಟೇ ನನ್ನ ಗೆಳತಿ ಹಾಗೆ ಕರೆದು ಎಲ್ಲರೆದುರು ಬೈಸಿಕೊಂಡಿದ್ದಳು. ಮಗಳಿಗೆ ದಿಂಬು ಎತ್ತರಿಸಿ ಕೂರಿಸಲು ಹೇಳಿ, ನಾನೂ 20 ಎಂದು ಬರೆದೆ. ನಸುಕಿನಲ್ಲಿ ಅವರ ರಕ್ತದೊತ್ತಡ ಕುಸಿಯಿತು, ಕೈಕಾಲು ತಣ್ಣಗಾದವು, ಐಸಿಯುಗೆ ಸಾಗಿಸಿದರು, ಮೂರನೆಯ ದಿನ ತೀರಿಕೊಂಡರು. ಎರಡು ಗಂಟೆಗೇ ಡಾಕ್ಟರನ್ನು ಕರೆದಿದ್ದರೆ ಉಳಿಯುತ್ತಿದ್ದರೇ ಎಂಬುದನ್ನು ಯಾರೂ ಹೇಳಲಾರರು. ನಾನು ಕಂಡದ್ದನ್ನು ಬರೆಯಲಿಲ್ಲ, ಕಂಡದ್ದನ್ನು ಹೇಳಲಿಲ್ಲ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಇಂದು ಕಲಬುರಗಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಕ್ಲಿನಿಕಲ್ ಟ್ಯೂಟರ್ ಆಗಿ ಹುಡುಗ ಹುಡುಗಿಯರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಆಸ್ಪತ್ರೆಯವರೂ ಪಾಲಕರೂ ಕೇಳುವ ಪ್ರಶ್ನೆ ಒಂದೇ: ಇವರು ಐಸಿಯುವಿನ ರೋಗಿಗಳನ್ನು ನೋಡಿಕೊಳ್ಳಲು ತಯಾರಾಗಿದ್ದಾರೆಯೇ? ತಯಾರಿ ಎಂದರೆ ಅವರ ಮನಸ್ಸಿನಲ್ಲಿರುವುದು ಯಂತ್ರಗಳು. ವೆಂಟಿಲೇಟರಿನ ಮೋಡುಗಳು ಗೊತ್ತೇ, ಇನ್‌ಫ್ಯೂಷನ್ ಪಂಪ್ ನಡೆಸಬಲ್ಲರೇ, ಮಾನಿಟರಿನ ಗೆರೆ ಓದಬಲ್ಲರೇ? ಇವೆಲ್ಲ ಬೇಕು. ಆದರೆ ಆ ರಾತ್ರಿ ನನ್ನ ಮುಂದೆ ಯಾವ ಯಂತ್ರವೂ ಇರಲಿಲ್ಲ, ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20 ಇರಬೇಕೆಂಬ ಪಾಠ ನನಗೆ ಬಾಯಿಪಾಠವಾಗಿತ್ತು. ಸೋಂಕು ರಕ್ತಕ್ಕೆ ಏರಿದಾಗ ದೇಹದಲ್ಲಿ ಆಮ್ಲ ಹೆಚ್ಚುತ್ತದೆ, ಅದನ್ನು ಹೊರಹಾಕಲು ಉಸಿರು ವೇಗ ಪಡೆಯುತ್ತದೆ, ರಕ್ತದೊತ್ತಡ ಕುಸಿಯುವ ಎಷ್ಟೋ ಗಂಟೆ ಮೊದಲೇ ಈ ಸೂಚನೆ ಕಾಣಿಸಬಹುದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿದ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು 25 ಮುಟ್ಟಿದರೆ ಅದೊಂದಕ್ಕೇ ಗರಿಷ್ಠವಾದ 3 ಅಂಕ ಸಿಗುತ್ತದೆ. ಹೀಗೆ ಅಂಕ ಕೊಡುವ ಪಟ್ಟಿ ಆಗ ನನ್ನ ಕೈಯಲ್ಲಿದ್ದಿದ್ದರೂ ನಾನು 20 ಎಂದೇ ಬರೆಯುತ್ತಿದ್ದೆನೇನೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಏಕೆಂದರೆ ಹಿರಿಯರು ಬರೆದದ್ದಕ್ಕಿಂತ ಬೇರೆಯದನ್ನು ಕಾಣಬಾರದು ಎಂಬುದನ್ನು ನಾವು ಮೂರು ವರ್ಷಗಳಲ್ಲಿ ಯಾರೂ ಹೇಳದೆಯೇ ಕಲಿತುಬಿಟ್ಟಿದ್ದೆವು.

ಐಸಿಯು ಪೋಸ್ಟಿಂಗಿನ ಮೊದಲ ದಿನ ವಿದ್ಯಾರ್ಥಿಗಳು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಗಮನಿಸಿದರೆ ಸಾಕು. ಹೊರಗಿನ ನಲವತ್ತೆರಡು ಡಿಗ್ರಿ ಬಿಸಿಲಿನಿಂದ ಎ.ಸಿ.ಯ ತಂಪಿಗೆ ಬಂದವರು ಗೋಡೆಗೆ ಒರಗಿ, ಪುಸ್ತಕವನ್ನು ಎದೆಗವಚಿಕೊಂಡು, ಮಾನಿಟರನ್ನೇ ನೋಡುತ್ತಿರುತ್ತಾರೆ. ಅಲಾರಂ ಕೂಗಿದರೆ ಕಣ್ಣು ಇನ್ನಷ್ಟು ಅಗಲವಾಗುತ್ತದೆ, ಕಾಲು ಮಾತ್ರ ಕದಲುವುದಿಲ್ಲ. ಅಲ್ಲಿನ ಸಿಬ್ಬಂದಿಗೆ ಅವರಿಗೆ ಕಲಿಸುವಷ್ಟು ಪುರಸೊತ್ತಿಲ್ಲ. ಐಸಿಯುವಿನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬ ಮಾನದಂಡ ಕಾಗದದಲ್ಲಿದೆ. ಒಬ್ಬರೇ ಮೂರು ನಾಲ್ಕು ಹಾಸಿಗೆ ಹಿಡಿದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಾಗಾಗಿ ಹುಡುಗಿಯರಿಗೆ ಸಿಗುವ ಕೆಲಸ ಬೆಡ್‌ಶೀಟ್ ಬದಲಿಸುವುದು, ಸ್ಯಾಂಪಲ್ಲು ಲ್ಯಾಬಿಗೆ ಒಯ್ಯುವುದು, ಮಾನಿಟರಿನ ಅಂಕಿಗಳನ್ನು ಚಾರ್ಟಿಗೆ ಇಳಿಸುವುದು. ಪೋಸ್ಟಿಂಗ್ ಮುಗಿದಾಗ ಹಾಜರಿ ಪೂರ್ಣವಾಗಿರುತ್ತದೆ, ಲಾಗ್‌ಬುಕ್ಕಿಗೆ ಸಹಿ ಬಿದ್ದಿರುತ್ತದೆ.

ನಾನು ಮಾಡುವ ಸಣ್ಣ ಪ್ರಯೋಗವೊಂದಿದೆ. ಮೊದಲ ಐದು ನಿಮಿಷ ವಿದ್ಯಾರ್ಥಿ ಮಾನಿಟರಿಗೆ ಬೆನ್ನು ಹಾಕಿ ನಿಲ್ಲಬೇಕು, ರೋಗಿಯನ್ನು ಮಾತ್ರ ನೋಡಿ ನನಗೆ ವರದಿ ಕೊಡಬೇಕು. ಎದೆಯ ಎರಡೂ ಬದಿ ಸಮನಾಗಿ ಏಳುತ್ತಿವೆಯೇ? ಗಂಟಲ ನಳಿಕೆಯ ಗುರುತು ತುಟಿಯ ಬಳಿ ಎಷ್ಟು ಸೆಂಟಿಮೀಟರಿಗೆ ನಿಂತಿದೆ, ಬೆಳಿಗ್ಗೆ ಎಷ್ಟಕ್ಕೆ ನಿಂತಿತ್ತು? ಹಾಸಿಗೆಯ ತಲೆಭಾಗ 30 ಡಿಗ್ರಿಯಾದರೂ ಎದ್ದಿದೆಯೇ? ಮೊಣಕಾಲು ಮುಟ್ಟಿದರೆ ಬೆಚ್ಚಗಿದೆಯೋ ತಣ್ಣಗಿದೆಯೋ? ಮೂತ್ರದ ಚೀಲಕ್ಕೆ ಈ ಒಂದು ಗಂಟೆಯಲ್ಲಿ ಎಷ್ಟು ಬಂದಿದೆ? 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರ್ ಆದರೂ ಬರಬೇಕು. ಮೊದಲ ದಿನ ಬಹುತೇಕರು ಎರಡು ನಿಮಿಷಕ್ಕೇ ಮಾತು ನಿಲ್ಲಿಸಿ ಮೆಲ್ಲಗೆ ಮಾನಿಟರಿನ ಕಡೆ ತಿರುಗುತ್ತಾರೆ. ನಾಲ್ಕನೆಯ ದಿನಕ್ಕೆ, "ಮೇಡಮ್, ಇವರ ಹಣೆ ಬೆವರ್ಲಿಕತ್ತದ, ನಿನ್ನೆ ಇರ್ಲಿಲ್ಲ" ಎಂದು ಯಾರೋ ಒಬ್ಬಳು ತಾನಾಗಿ ಹೇಳುತ್ತಾಳೆ. ಆ "ನಿನ್ನೆ ಇರ್ಲಿಲ್ಲ" ಎಂಬ ಮಾತಿಗಾಗಿಯೇ ನಾನು ಕಾದಿರುತ್ತೇನೆ.

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಎಂಟು ಸೆಮಿಸ್ಟರುಗಳಿಗೆ ಬದಲಿಸಿ, ಬೊಂಬೆಗಳ ಮೇಲಿನ ಅಭ್ಯಾಸಕ್ಕೆ ಹೆಚ್ಚಿನ ಸ್ಥಾನ ಕೊಟ್ಟದ್ದು ಒಳ್ಳೆಯ ಹೆಜ್ಜೆ. ಗಂಟಲ ನಳಿಕೆಯಿಂದ ಕಫ ಹೀರಲು ಸಕ್ಷನ್ ಹಾಕುವಾಗ ಪ್ರತಿ ಸಲ 10ರಿಂದ 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಎಳೆಯಬಾರದು ಎಂಬುದನ್ನು ಬೊಂಬೆಯ ಮೇಲೆ ಇಪ್ಪತ್ತು ಸಲ ಮಾಡಿದವಳ ಕೈ ರೋಗಿಯ ಮುಂದೆ ಕಡಿಮೆ ನಡುಗುತ್ತದೆ. ಬೊಂಬೆ ಕಲಿಸಲಾರದ್ದನ್ನು ಈ ನೆಲದ ರೋಗಿಗಳು ಕಲಿಸುತ್ತಾರೆ.

ತೊಗರಿ ಹೂ ಬಿಟ್ಟು ಕಾಯಿಕೊರಕ ಬೀಳುವ ಹೊತ್ತಿನಲ್ಲಿ, ಯಾದಗಿರಿಯ ಕಡೆ ಹತ್ತಿಗೆ ಸಿಂಪಡಣೆ ನಡೆಯುವ ಹೊತ್ತಿನಲ್ಲಿ, ನಮ್ಮ ತುರ್ತು ವಿಭಾಗಗಳಿಗೆ ಬರುವ ಒಂದು ಬಗೆಯ ರೋಗಿಯ ಮಾತನ್ನೇ ತೆಗೆದುಕೊಳ್ಳೋಣ. "ಹೊಲಕ್ಕ ಎಣ್ಣಿ ಹೊಡಿಲಿಕ್ಕ ಹೋಗಿದ್ರಿ, ಬಂದವರೇ ಬಿದ್ರು" ಎಂದು ಜೊತೆಗೆ ಬಂದವರು ಹೇಳುತ್ತಾರೆ. ಎಣ್ಣೆ ಎಂದರೆ ಇಲ್ಲಿ ಕೀಟನಾಶಕ. ಬೇರೆ ಸೀಮೆಯಿಂದ ಓದಲು ಬಂದ ವಿದ್ಯಾರ್ಥಿನಿಯೊಬ್ಬಳು ಇದನ್ನು ಅಡುಗೆ ಎಣ್ಣೆ ಎಂದು ಅರ್ಥ ಮಾಡಿಕೊಂಡು ಕೇಸ್ ಶೀಟಿನಲ್ಲಿ ಹಾಗೆಯೇ ಬರೆಯಲಿದ್ದಳು. ಮುಖವಾಡವಿಲ್ಲದೆ, ಬರಿಗೈಯಲ್ಲಿ, ಗಾಳಿಗೆ ಎದುರಾಗಿ ಸಿಂಪಡಿಸಿದ ರೈತನಿಗೆ ಬಾಯಿಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ. ಮೊದಲು ನಮ್ಮ ಕೈಗೆ ಗ್ಲೌಸ್, ಆಮೇಲೆ ಅವರ ಬಟ್ಟೆ ತೆಗೆದು ಸೋಪು ನೀರಿನಿಂದ ಮೈ ತೊಳೆಯುವುದು, ಅದರೊಂದಿಗೇ ಆ ವಿಷದ ಪರಿಣಾಮ ತಡೆಯುವ ಅಟ್ರೋಪಿನ್ ಚುಚ್ಚುಮದ್ದು.

ಈ ಅಟ್ರೋಪಿನ್ನಿನಲ್ಲಿ ವಿದ್ಯಾರ್ಥಿಯ ತಯಾರಿ ನಿಜವಾಗಿ ಪರೀಕ್ಷೆಗೆ ಒಳಗಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಆಂಪೂಲಿನಲ್ಲಿ ಇರುವುದು 0.6 ಮಿಲಿಗ್ರಾಂ. ವಾರ್ಡಿನಲ್ಲಿ ಒಂದು ಆಂಪೂಲ್ ಒಡೆದು ಕೊಟ್ಟ ಅಭ್ಯಾಸವಿದ್ದವರಿಗೆ ಇಲ್ಲಿ ಡಾಕ್ಟರು 3 ಮಿಲಿಗ್ರಾಂ ಎಂದರೆ ಐದು ಆಂಪೂಲ್ ಆಯಿತು. ಐದು ನಿಮಿಷದಲ್ಲಿ ಎದೆ ತಿಳಿಯಾಗದಿದ್ದರೆ ದುಪ್ಪಟ್ಟು, ಅಂದರೆ ಹತ್ತು. ಮತ್ತೆ ಐದು ನಿಮಿಷಕ್ಕೆ ಇಪ್ಪತ್ತು. ಹತ್ತೇ ನಿಮಿಷಗಳಲ್ಲಿ ಮೂವತ್ತೈದು ಗಾಜಿನ ಕತ್ತು ಮುರಿದು, ಎಳೆದು, ಲೆಕ್ಕ ಬರೆಯುವಷ್ಟರಲ್ಲಿ ಒಬ್ಬ ನರ್ಸಿಗೆ ಕೈ ಸಾಲುವುದಿಲ್ಲ. ಅಲ್ಲಿ ವಿದ್ಯಾರ್ಥಿ ನಿಜಕ್ಕೂ ಬೇಕಾಗುತ್ತಾಳೆ. ಮೊದಲ ಸಲ ಒಬ್ಬ ಹುಡುಗ ಒಂಬತ್ತನೆಯ ಆಂಪೂಲಿಗೆ ನಿಂತುಬಿಟ್ಟ: "ಮೇಡಮ್, ಇಷ್ಟು ಕೊಡಬಹುದೇನ್ರಿ?" ಆ ಪ್ರಶ್ನೆಗೆ ನಾನು ಬೈಯಲಿಲ್ಲ. ಅಪರಿಚಿತವಾದ ದೊಡ್ಡ ಪ್ರಮಾಣ ಕಂಡು ಕೈ ನಿಲ್ಲಿಸಿ ಕೇಳುವವನು ಮುಂದೆಂದೋ, ಪ್ರಮಾಣ ತಪ್ಪಿದರೆ ಹೃದಯವನ್ನೇ ನಿಲ್ಲಿಸಬಲ್ಲ ಪೊಟ್ಯಾಸಿಯಂ ಹಿಡಿದಾಗಲೂ ನಿಲ್ಲಿಸಿ ಕೇಳುತ್ತಾನೆ. ಎಲ್ಲಿಯವರೆಗೆ ಕೊಡಬೇಕು ಎಂಬುದನ್ನು ಅವನಿಗೆ ರೋಗಿಯ ಮೈಮೇಲೆಯೇ ತೋರಿಸಿದೆ: ಶ್ವಾಸಕೋಶದ ಗೊರಗೊರ ಹೋಗುವವರೆಗೆ, ನಾಡಿ 80 ದಾಟುವವರೆಗೆ, ಮೇಲಿನ ರಕ್ತದೊತ್ತಡ 80 ದಾಟುವವರೆಗೆ, ಕಂಕುಳು ಒಣಗುವವರೆಗೆ, ಕಣ್ಣಪಾಪೆಯ ಬಿಗಿ ಸಡಿಲುವವರೆಗೆ. ಅದು ಮೀರಿದರೂ ಅಪಾಯವೇ. ರೋಗಿ ಬಡಬಡಿಸತೊಡಗುತ್ತಾನೆ, ಬೆವರು ನಿಂತು ಮೈ ಕಾಯುತ್ತದೆ, ಹೊಟ್ಟೆಯ ಸದ್ದು ಅಡಗುತ್ತದೆ. ಆ ಹುಡುಗ ಬೆಳಗಿನವರೆಗೆ ಹದಿನೈದು ನಿಮಿಷಕ್ಕೊಮ್ಮೆ ಸ್ಟೆತಾಸ್ಕೋಪ್ ಇಟ್ಟು ಎದೆ ಕೇಳಿದ, ಕಂಕುಳಿಗೆ ಕೈಯಿಟ್ಟು ನೋಡಿದ. ಆ ಒಂದು ರಾತ್ರಿ ಅವನಿಗೆ ಕಲಿಸಿದಷ್ಟನ್ನು ನನ್ನ ಒಂದು ತಿಂಗಳ ಉಪನ್ಯಾಸ ಕಲಿಸಿರಲಿಲ್ಲ.

ಅಂಥ ರೋಗಿಯನ್ನೋ, ತಲೆಗೆ ಪೆಟ್ಟಾದವರನ್ನೋ ಮನೆಯವರು ಹೈದರಾಬಾದಿಗೆ ಒಯ್ಯುತ್ತೇವೆ ಎಂದಾಗ ಇನ್ನೊಂದು ಲೆಕ್ಕ ಏಳುತ್ತದೆ. ಆಂಬುಲೆನ್ಸಿನಲ್ಲಿಡುವ ಬಿ ಮಾದರಿಯ ಸಿಲಿಂಡರಿನಲ್ಲಿ ತುಂಬಿದ್ದರೆ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಎರಡೂವರೆ ಗಂಟೆ. ಕಲಬುರಗಿಯಿಂದ ಹೈದರಾಬಾದಿಗೆ ಸುಮಾರು 220 ಕಿಲೋಮೀಟರ್. ಹುಮನಾಬಾದ್ ದಾರಿಯಲ್ಲಿ ಹೋದರೆ ಜಹೀರಾಬಾದಿನ ಆಸುಪಾಸಿನಲ್ಲೆಲ್ಲೋ ಆ ಸಿಲಿಂಡರ್ ಬರಿದಾಗುತ್ತದೆ. ಇದನ್ನು ನಾನು ತರಗತಿಯಲ್ಲಿ ಗಣಿತದ ಲೆಕ್ಕದಂತೆ ಬಿಡಿಸಲು ಕೊಡುತ್ತೇನೆ. ಉತ್ತರ ಬಂದಾಗ ಕೋಣೆ ಸ್ತಬ್ಧವಾಗುತ್ತದೆ.

ಭಾಷೆಯ ಮಾತನ್ನು ಇನ್ನೂ ಸ್ವಲ್ಪ ಹೇಳಬೇಕು. ಪ್ರಜ್ಞೆಯ ಮಟ್ಟ ಅಳೆಯಲು ನಾವು ಬಳಸುವ ಗ್ಲಾಸ್ಗೋ ಮಾಪಕವನ್ನು ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಪ್ರಕಟಿಸಿದರು. ಕಣ್ಣು, ಮಾತು, ಚಲನೆ ಸೇರಿ 3ರಿಂದ 15 ಅಂಕ. ಮಾತಿಗೆ ಐದು ಅಂಕ ಸಿಗಬೇಕಾದರೆ ರೋಗಿ ತಾನು ಯಾರು, ಎಲ್ಲಿದ್ದೇನೆ, ಯಾವ ಕಾಲ ಎಂಬುದನ್ನು ಸರಿಯಾಗಿ ಹೇಳಬೇಕು. ಬಿದ್ದು ಪೆಟ್ಟಾಗಿ ಚಿಂಚೋಳಿ ಕಡೆಯ ತಾಂಡಾದಿಂದ ಬಂದ ಅಜ್ಜಿಯೊಬ್ಬರಿಗೆ ನಮ್ಮ ವಿದ್ಯಾರ್ಥಿನಿ, "ಇದು ಯಾವ ಇಸವಿ?" ಎಂದು ಕೇಳಿದಳು. ಅಜ್ಜಿ ಏನೋ ಗೊಣಗಿದರು. ಹುಡುಗಿ ಗೊಂದಲ ಎಂದು ತೀರ್ಮಾನಿಸಿ ನಾಲ್ಕು ಅಂಕ ಕೊಟ್ಟಳು. ಅಲ್ಲಿ ಕೆಲಸ ಮಾಡುವ ಆಯಾ ಲಂಬಾಣಿ ಸಮುದಾಯದವರು. ಅವರು ತಮ್ಮ ಮಾತಿನಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬ, ಆಯಿತೋ ಇನ್ನೂ ಬರಬೇಕೋ ಎಂದು ಕೇಳಿದರು. ಎಂಟು ದಿನವಾಯಿತು, ಹೊಲದಲ್ಲಿ ಚರಗ ಚೆಲ್ಲಿ ಬಂದೆವು, ಮೊಮ್ಮಗ ಬಂದಿರಲಿಲ್ಲ ಎಂದು ಅಜ್ಜಿ ವಿವರವಾಗಿ ಹೇಳಿದರು. ಅವರಿಗೆ ಐದು ಅಂಕ ಬರಬೇಕಿತ್ತು. ಇದು ಬರೀ ನ್ಯಾಯದ ಮಾತಲ್ಲ. ಬೆಳಿಗ್ಗೆ ಐದಿದ್ದುದನ್ನು ನಾಲ್ಕು ಎಂದು ಬರೆದಿಟ್ಟರೆ, ಮೆದುಳಿನಲ್ಲಿ ರಕ್ತ ಒಸರಿ ಸಂಜೆಗೆ ನಿಜವಾಗಿಯೂ ಗೊಂದಲ ಶುರುವಾದಾಗ ಚಾರ್ಟಿನಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ. ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಒಂದೇ ವಾರ್ಡಿನಲ್ಲಿ ಕೇಳಿಸುವ ನಮ್ಮ ಭಾಗದಲ್ಲಿ, ಯಾರನ್ನು ಕರೆದು ಕೇಳಿಸಬೇಕು ಎಂದು ತಿಳಿದಿರುವುದೂ ನರ್ಸಿನ ಕೌಶಲವೇ. "ಜೀವ ಹ್ಯಾಂಗೋ ಆಗ್ಲಿಕತ್ತದ" ಎಂದು ರೋಗಿ ಹೇಳಿದಾಗ ಅದನ್ನು ಸಾಮಾನ್ಯ ನಿಶ್ಶಕ್ತಿ ಎಂದು ಬರೆದು ಮುಂದೆ ಹೋಗಬೇಡಿ ಎಂದು ನಾನು ಮತ್ತೆ ಮತ್ತೆ ಹೇಳುತ್ತೇನೆ. ಆ ಮಾತು ಆಡಿದವರ ಪಕ್ಕದಿಂದ ನಾನು ಸುಲಭಕ್ಕೆ ಕದಲುವುದಿಲ್ಲ.

ವಿದ್ಯಾರ್ಥಿಗಳನ್ನು ಇಂಥ ರೋಗಿಗಳ ಹತ್ತಿರ ಬಿಡಬಾರದು ಎಂಬ ವಾದವನ್ನು ನಾನು ಆಗಾಗ ಕೇಳುತ್ತೇನೆ. ಅದರಲ್ಲಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಇಂದಿನ ಐಸಿಯು ಹುಟ್ಟಿದ್ದೇ ವಿದ್ಯಾರ್ಥಿಗಳ ಕೈಯಲ್ಲಿ. 1952ರ ಆಗಸ್ಟಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಬಡಿಯಿತು. ಉಸಿರಾಟದ ಸ್ನಾಯುಗಳು ಸೋತ ಮೊದಲ 31 ರೋಗಿಗಳಲ್ಲಿ 27 ಮಂದಿ ಮೂರು ದಿನಗಳಲ್ಲೇ ತೀರಿಕೊಂಡರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಹನ್ನೆರಡು ವರ್ಷದ ಒಬ್ಬ ಬಾಲಕಿಯ ಗಂಟಲಿಗೆ ನಳಿಕೆ ಹಾಕಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಆಕೆ ಬದುಕಿದಳು. ಹಾಗೆ ಒತ್ತಲು ಅಷ್ಟು ರೋಗಿಗಳಿಗೆ ಯಂತ್ರಗಳಿರಲಿಲ್ಲ. ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಸುಮಾರು 1,500 ಮಂದಿ ಪಾಳಿಯಲ್ಲಿ ಕುಳಿತು ತಿಂಗಳುಗಟ್ಟಲೆ ಆ ಚೀಲಗಳನ್ನು ಒತ್ತಿದರು. ಅವರಿಗೂ ಮೊದಲ ದಿನ ಏನೂ ಗೊತ್ತಿರಲಿಲ್ಲ. ಅವರಿಗಿದ್ದ ಅನುಕೂಲವೆಂದರೆ ಒಬ್ಬ ರೋಗಿ, ಒಂದು ಸ್ಪಷ್ಟವಾದ ಕೆಲಸ, ಕೂಗಿದರೆ ಓಡಿಬರುವ ಅರಿವಳಿಕೆ ತಜ್ಞರು. ನಮ್ಮ ಮಕ್ಕಳಿಗೆ ಈ ಮೂರನ್ನು ಕೊಟ್ಟು ನೋಡಿ ಎಂದಷ್ಟೇ ನಾನು ಕೇಳುವುದು. ಆರು ಮಂದಿಯನ್ನು ಒಟ್ಟಿಗೆ ಐಸಿಯು ಒಳಗೆ ನಿಲ್ಲಿಸಿ ಗೋಡೆಗೆ ಒರಗಿಸುವ ಬದಲು ಇಬ್ಬರನ್ನು ಕಳಿಸಿ, ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ ಕೊಟ್ಟು, ಪಕ್ಕದಲ್ಲಿ ಒಬ್ಬ ಹಿರಿಯ ನರ್ಸನ್ನೋ ಟ್ಯೂಟರನ್ನೋ ಇಡೋಣ.

2020ರ ಮಾರ್ಚ್ 10ರಂದು ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ಕಲಬುರಗಿಯ ಹಿರಿಯರೊಬ್ಬರದು. ಮುಂದಿನ ವರ್ಷದ ಅಲೆಯಲ್ಲಿ, ನಾನು ಪಾಠ ಮಾಡಿದ ಮಕ್ಕಳು ಪರೀಕ್ಷೆಯ ಫಲಿತಾಂಶದ ಬೆನ್ನಿಗೇ ಕೋವಿಡ್ ವಾರ್ಡುಗಳಿಗೆ ಹೋದರು. ರಾತ್ರಿ ಫೋನು ಮಾಡಿ ಅವರು ಕೇಳುತ್ತಿದ್ದುದು ವೆಂಟಿಲೇಟರಿನ ಮಾತಲ್ಲ. "ಮೇಡಮ್, ಪೇಷಂಟಿನ ಮಗ ವಿಡಿಯೋ ಕಾಲ್‌ನಾಗ ಇದ್ದಾರ, ಏನು ಹೇಳ್ಲಿ?" ಎಂದು ಒಬ್ಬಳು ಅತ್ತಳು. ಸಾವಿನ ಹೊತ್ತಿನಲ್ಲಿ ಏನು ಮಾತಾಡಬೇಕು ಎಂಬುದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಈಗ ಕಲಿಸುತ್ತೇನೆ, ನನಗೆ ತಿಳಿದಷ್ಟನ್ನು. ಪೋಸ್ಟಿಂಗಿನಲ್ಲಿ ಯಾರಾದರೂ ತೀರಿಕೊಂಡರೆ ಆ ದಿನ ತರಗತಿ ನಡೆಸದೆ, ಆ ಹಾಸಿಗೆ ನೋಡಿಕೊಂಡ ವಿದ್ಯಾರ್ಥಿಯ ಜೊತೆ ಕ್ಯಾಂಟೀನಿನಲ್ಲಿ ಕುಳಿತು ಚಹಾ ಕುಡಿಯುತ್ತೇನೆ. ಕೆಲವರು ಮಾತಾಡುತ್ತಾರೆ, ಕೆಲವರು ಸುಮ್ಮನಿರುತ್ತಾರೆ.

ಡಾಕ್ಟರಿಗೆ ಫೋನು ಮಾಡುವುದನ್ನು ನಾವು ಅಭ್ಯಾಸದ ಪಾಠವಾಗಿಯೇ ಮಾಡುತ್ತೇವೆ. ನಾನು ಯಾರು, ಯಾವ ಹಾಸಿಗೆ, ಏನು ಬದಲಾಗಿದೆ, ನನಗೇಕೆ ಆತಂಕ, ನಿಮ್ಮಿಂದ ಏನು ಬೇಕು ಎಂಬ ಕ್ರಮದಲ್ಲಿ ಹೇಳಬೇಕು. "ತೊಂದರೆ ಕೊಟ್ಟೆ, ಕ್ಷಮಿಸಿ ಸರ್" ಎಂದು ಶುರು ಮಾಡಿದವರನ್ನು ಮತ್ತೆ ಮೊದಲಿನಿಂದ ಹೇಳಿಸುತ್ತೇನೆ. ಎದುರಿಗೆ ಡಾಕ್ಟರಾಗಿ ನಾನೇ ಕೂತು ಸಿಡುಕುತ್ತೇನೆ, ಮಾತು ಅರ್ಧಕ್ಕೆ ತುಂಡರಿಸುತ್ತೇನೆ, ಏಕೆಂದರೆ ಅವರಿಗೆ ಅದೂ ಎದುರಾಗಲಿದೆ. ಹೋದ ಬ್ಯಾಚಿನಲ್ಲಿ ಶಹಾಪುರ ಕಡೆಯ ಒಬ್ಬಳು ಇದ್ದಳು, ತರಗತಿಯಲ್ಲಿ ಹೆಸರು ಕೂಗಿದರೂ ತಲೆ ಎತ್ತದವಳು. ಒಂದು ಮಧ್ಯಾಹ್ನ ವಾರ್ಡಿನಿಂದ ನೇರ ಡ್ಯೂಟಿ ರೂಮಿಗೆ ಹೋಗಿ, "ಸರ್, ಎಂಟನೇ ಬೆಡ್ಡಿನವರ ಉಸಿರು 30 ಅದ. ಚಾರ್ಟಿನಾಗ 20 ಬರದದ, ನಾನು ಪೂರ್ತಿ ಒಂದು ನಿಮಿಷ ಎರಡು ಸಲ ಎಣಿಸೀನಿ. ನೀವು ಈಗ ಬಂದು ನೋಡ್ಬೇಕ್ರಿ" ಎಂದಳಂತೆ. ಡಾಕ್ಟರು ಎದ್ದು ಬಂದರು. ನನಗೆ ಇದನ್ನು ಹೇಳಿದವರು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಚಾರ್ಟಿನ ಆ 20 ಅವರದೇ ಕೈಬರಹವಾಗಿತ್ತು, ಅದನ್ನೂ ಅವರೇ ಹೇಳಿದರು.

ಸೋಮವಾರದಿಂದ ಹೊಸ ಬ್ಯಾಚು ಐಸಿಯುಗೆ ಹೋಗುತ್ತದೆ. ಒಂದು ಪಾಳಿಗೆ ಆರು ಜನರ ಬದಲು ಇಬ್ಬರನ್ನೇ ಕಳಿಸಲು, ಮಧ್ಯಾಹ್ನ ಮತ್ತು ರಾತ್ರಿ ಪಾಳಿಗಳನ್ನೂ ಸೇರಿಸಲು ಅನುಮತಿ ಕೇಳಿ ಪತ್ರ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ರಾತ್ರಿ ಪಾಳಿಗೆ ನಾನೂ ಬರುತ್ತೇನೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೇನೆ.